ಬಾಯೊಳಗಿನ ಐದು ರೂಪಾಯಿ

ಮಂಗಳವಾರ ಸಂಜೆ ಐದೂವರೆಗೆ ಮಸ್ಕಿಯ ಠಾಣೆಗೆ ಬಂದ ಶಿವಶರಣಪ್ಪ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ನಡೆಸುವ ಮನುಷ್ಯ. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೇ ಹೇಳಿದ.

"ನನ್ನ ಮಗನ್ನ ಹೊಡದು ಹಾಕ್ಯಾರ್ರಿ ಸಾಹೇಬ್ರ. ಪಾರ್ಕಿನ್ಯಾಗ ಬಿದ್ದಾನ."

ಮಗನಿಗೆ ಅವನು ಫೋನ್ ಮಾಡಿದ್ದ. ಹೆಣದ ಜೇಬಿನಲ್ಲಿ ರಿಂಗಾಗುತ್ತಿದ್ದ ಆ ಫೋನನ್ನು ಎತ್ತಿದ್ದು ವಾಕಿಂಗಿಗೆ ಬಂದ ಯಾರೋ. ಸುದ್ದಿ ಅಪ್ಪನಿಗೆ ತಲುಪಿದ್ದು ಹಾಗೆ.

ಇನ್‌ಸ್ಪೆಕ್ಟರ್ ಬಸವಲಿಂಗ ಕೊಲೆಯ ಕಲಮಿನಡಿ ಎಫ್‌ಐಆರ್ ಹಾಕಿಸಿ ಜೀಪು ಹತ್ತಿದ.

ಪಾರ್ಕಿನ ಪಂಪ್ ರೂಮಿನ ಹಿಂದೆ, ಕಣಗಿಲ ಗಿಡಗಳ ಹತ್ತಿರ, ಮಗ ಚನ್ನವೀರ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಬೆರಳಲ್ಲಿ ಉಂಗುರ ಇತ್ತು, ಕೊರಳಲ್ಲಿ ಚೈನು ಇತ್ತು. ಮಣ್ಣಿನೊಳಗಿನ ಲೋಹ ಹುಡುಕುವ ಅವನ ಮಷೀನು ಪಕ್ಕದಲ್ಲೇ ಬಿದ್ದಿತ್ತು, ಇನ್ನೂ ಆನ್ ಇತ್ತು. ಲಾಠಿಯ ಲೋಹದ ತುದಿ ಹತ್ತಿರ ಹೋದಾಗಲೆಲ್ಲ ಕುಂಯ್ ಎನ್ನುತ್ತಿತ್ತು.

"ಆರಿಸ್ರೆಲೇ ಅದನ್ನ," ಅಂದ ಬಸವಲಿಂಗ. ಆರಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಲಾಲಪ್ಪ ಶವದ ಪಂಚನಾಮೆಗಾಗಿ ದವಡೆ ಬಿಡಿಸಿ ಟಾರ್ಚ್ ಹಾಕಿದ. ನಾಲಿಗೆಯ ಮೇಲೆ ಐದು ರೂಪಾಯಿಯ ಒಂದು ನಾಣ್ಯ ಕೂತಿತ್ತು. ಲಾಲಪ್ಪ ಅದನ್ನು ಚಿಮಟದಿಂದ ಎತ್ತಿ ಕವರಿಗೆ ಹಾಕಿದ. ಠಾಣೆಗೆ ಮರಳುವವರೆಗೂ ಆ ಕವರನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಶಿವಶರಣಪ್ಪನ ಅನುಮಾನ ಒಬ್ಬನ ಮೇಲೆ. "ಮಗನಿಗೆ ನಿಧಿ ಸಿಕ್ಕಿರಬೇಕ್ರಿ. ಅವನ ಸಂಗಾಟ ವಿಡಿಯೋ ತೆಗೀತಿದ್ನಲ್ಲ ಆ ವಾಸಿಂ, ಅವನ್ನ ಹಿಡೀರಿ."

ವಾಸಿಂ ಬುಧವಾರ ಬೆಳಿಗ್ಗೆ ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಸಿಕ್ಕ. ಜೇಬಿನಲ್ಲಿ ನಿಜಾಮರ ಕಾಲದ ಒಂದು ಬೆಳ್ಳಿ ನಾಣ್ಯ. ಠಾಣೆಯಲ್ಲಿ ಹೆಸರು ಕೇಳುವ ಮೊದಲೇ ಎರಡು ಏಟು ಬಿದ್ದವು. ಹೆಸರು ಗೊತ್ತಿತ್ತಲ್ಲ, ಏಟಿಗೆ ಅಷ್ಟು ಸಾಕಿತ್ತು.

"ಯಾಕ ಓಡಿ ಹೋದಿ?"

"ಓಡಿಲ್ರಿ ಸರ್. ಚನ್ನವೀರನೇ ಕಳಿಸಿದ್ದ. ಈ ನಾಣ್ಯ ಸರಾಫನಿಗೆ ತೋರಿಸಿ ಬಾ ಅಂದ. ಅಂಗಡಿ ಬಂದ್ ಇತ್ತು, ಮಾಮಾನ ಮನ್ಯಾಗ ಉಳಕೊಂಡೆ."

"ನಿಧಿ ಎಲ್ಲೈತಿ?"

"ನಿಧಿ ಎಲ್ಲಿಂದ ಬರಬೇಕ್ರಿ! ಇದ್ರ ಒಂದ ಗಡಿಗ್ಯಾಗ ರಾಶಿ ಇರ್ತಾವ. ಇಲ್ಲಿ ಬರೇ ಒಂದೊಂದ ಸಿಗಾಕತ್ತಿದ್ದು. ಒಂದ ತೆಗದು ಆಳುದ್ದ ಸರದ್ರ ಇನ್ನೊಂದು. ಯಾರೋ ಸಾಲು ಹಿಡದು ಬಿತ್ತಿದಂಗ."

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನ ಕ್ಯಾಮರಾ ವಾಸಿಂನ ಪರ ಸಾಕ್ಷಿ ಹೇಳಿತು. ಅವನು ಅಲ್ಲಿ ಇಳಿದ ಮೇಲೆ, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಚನ್ನವೀರ ತಾನೇ ತೆಗೆದ ಒಂದು ವಿಡಿಯೋ ಅವನ ಫೋನಿಗೆ ಕಳಿಸಿದ್ದ. ಬಸವಲಿಂಗ ಅದನ್ನು ಎರಡು ಸಲ ನೋಡಿದ. ಸಣ್ಣ ಗುಂಡಿ. ಕೊಳೆತ ಅರಿವೆಯ ಚೂರು. ಕೊರಳ ಸರಕ್ಕೆ ಹಾಕುವ ಕೊಂಡಿ ಬೆಸೆದ ಒಂದು ಬೆಳ್ಳಿ ರೂಪಾಯಿ. ಅದರ ಜೊತೆ ಚನ್ನವೀರನ ಅಂಗೈಯಲ್ಲಿ ಅಕ್ಕಿಕಾಳಿನಂಥ ನಾಲ್ಕು ಹಲ್ಲು.

"ನೋಡ್ರಿ ದೋಸ್ತರ," ಚನ್ನವೀರ ಫೋನಿಗೆ ನಗುತ್ತಿದ್ದ, "ನಿಜಾಮನ ರೂಪಾಯಿ ತಗೊಂಡ್ರ ಹಾಲಹಲ್ಲು ಫ್ರೀ!" ಹಲ್ಲುಗಳನ್ನು ಬೆರಳಿನಿಂದ ಚಿಮ್ಮಿ ಹುಲ್ಲಿಗೆ ಎಸೆದ.

ಶವದ ಮೇಲೆ ಚಿನ್ನ ಹಾಗೇ ಇತ್ತು. ಈ ರೂಪಾಯಿ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಬಸವಲಿಂಗ ಬಾಯಲ್ಲಿ ಸಿಕ್ಕ ನಾಣ್ಯವನ್ನು ವಾಸಿಂನ ಮುಂದೆ ಹಿಡಿದ.

"ಅವಂದ ರೀ. ಕೆಂಪ ನೇಲ್ ಪಾಲಿಶ್ ಹಚ್ಚೈತಿ ನೋಡ್ರಿ. ಮಷೀನ್ ಟೆಸ್ಟ್ ಮಾಡಾಕ ಮಣ್ಣಾಗ ಒಗೀತಿದ್ದ. ಯಾವಾಗ್ಲೂ ಅಂಗಿ ಜೇಬಿನ್ಯಾಗ ಇಟ್ಕೊಂತಿದ್ದ."

ಬಸವಲಿಂಗ ಲಾಲಪ್ಪನ ಕಡೆ ತಿರುಗಿದ. "ಏನ್ ಲಾಲಪ್ಪ, ನಿನ್ನೆಯಿಂದ ಬಾಯಿ ಹೊಲಕೊಂಡೀಯೇನು?"

ಲಾಲಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ನಮ್ಮ ಕೇರ್‍ಯಾಗ ಸತ್ತವರ ಬಾಯಾಗ ನಾಣ್ಯ ಇಡ್ತೀವ್ರಿ ಸರ್. ಖಾಲಿ ಬಾಯಾಗ ಯಾರನ್ನೂ ಮಣ್ಣಿಗೆ ಕಳಸಂಗಿಲ್ಲ."

"ಹೊಡದವರೇ ದಾರಿ ಖರ್ಚೂ ಕೊಟ್ಟಾರಂತೀಯೇನು?"

"ಕೈ ರೂಢಿರೀ. ಆ ಪಾರ್ಕ್ ಇರೋದು ನಮ್ಮ ಮಸಣದ ಮ್ಯಾಲೆ. ಕಾಗದದಾಗ ಖಾಲಿ ಜಾಗ ಅಂತ ಬರಕೊಂಡು ಬುಲ್ಡೋಜರ್ ತಂದ್ರು. ಅಲ್ಲೆ ಮಲಗಿದವರನ್ನ ಯಾರೂ ಕೇಳಲಿಲ್ಲ."

ಹೌದು, ಖಾಲಿ ಜಾಗ. ಅದರ ಮೇಲೆ ಜಾರುಬಂಡೆ, ಸಿಮೆಂಟಿನ ಜಿಂಕೆ, ಸೆಲ್ಫಿಗೊಂದು ಹೃದಯದ ಕಮಾನು. ಉದ್ಘಾಟನೆಯ ದಿನ ಕೇರಿಯವರಿಗೂ ಬೂಂದಿ ಹಂಚಿದ್ದರು.

"ನಿನ್ನೆ ಮಧ್ಯಾಹ್ನ ನಿಮ್ಮ ಕೇರಿಯವರು ಅಲ್ಲಿ ಯಾರಿದ್ರು?"

ಲಾಲಪ್ಪ ಗೋಡೆ ನೋಡಿದ. ಪಾರ್ಕಿನ ಗೇಟು ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಗೇಟು ಹಾರಿ ಬರುವವನು ಚನ್ನವೀರ. ಒಳಗೇ ಇರುವವಳು ಒಬ್ಬಳೇ.

"ಯಂಕಮ್ಮ ರೀ. ಕಸಗುಡಸಾಕಿ. ನನಗ ವರಸೇಲೆ ಅಕ್ಕ ಆಗಬೇಕು."

ಮಧ್ಯಾಹ್ನ ಹನ್ನೆರಡಕ್ಕೆ ತಹಶೀಲ್ದಾರರು, ಇಬ್ಬರು ಪಂಚರು, ಮಷೀನು ನಡೆಸಲು ವಾಸಿಂ, ಎಲ್ಲರೂ ಪಾರ್ಕಿಗೆ ಬಂದರು. ಯಂಕಮ್ಮ ಪೊರಕೆ ಹಿಡಿದೇ ನಿಂತಿದ್ದಳು. ಅವಳ ಎಲೆಯಡಿಕೆಯ ಸಂಚಿಯನ್ನು ಕಾನ್‌ಸ್ಟೆಬಲ್ ಶಿವಕಾಂತ ಮೊದಲೇ ಕಿತ್ತುಕೊಂಡು ಅರಗು ಹಾಕಿ ಸೀಲ್ ಮಾಡಿದ್ದ.

"ನಿನ್ನೆ ಊಟದ ಹೊತ್ತಿನ್ಯಾಗ ಎಲ್ಲಿದ್ದಿ?"

"ಇಲ್ಲೇ ರೀ. ಮಲಗಿದ್ದೆ."

"ಪಂಪ್ ರೂಮಿನ್ಯಾಗಿರೋ ಗುಂಡಿ ತೋಡೋ ಕಬ್ಬಿಣದ ಹಾರಿ ಯಾರು ತೊಳದ್ರು?"

"ನಾನ ರೀ. ದಿನಾ ತೊಳೀತೀನಿ."

"ಉಳಿದ ಸಾಮಾನೆಲ್ಲ ಮಣ್ಣಾಗ್ಯಾವ. ಹಾರಿ ಒಂದ ಯಾಕ ಹೊಳ್ಯಾಕತ್ತೈತಿ?"

ಅವಳು ಬಗ್ಗಿ ಎಲೆ ಗುಡಿಸತೊಡಗಿದಳು.

ಬಸವಲಿಂಗ ಕಣಗಿಲ ಗಿಡಗಳನ್ನು ನೋಡುತ್ತ ನಡೆದ. ಒಂದರ ಎಲೆಗಳು ಮಾತ್ರ ಜೋತು ಬಿದ್ದಿದ್ದವು. ಬುಡದ ಮಣ್ಣು ಹಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ ಮಣ್ಣು. ಅವನು ಕೈ ಸನ್ನೆ ಮಾಡಿದ. ವಾಸಿಂ ಮಷೀನು ತಂದು ಬುಡಕ್ಕೆ ಹಿಡಿದ.

ಕುಂಯ್ ಎಂದಿತು.

ಪೊರಕೆ ಕೆಳಗೆ ಬಿತ್ತು. "ಅದನ್ನ ಮತ್ತ ತೆಗೀಬ್ಯಾಡ್ರಿ ಎಪ್ಪಾ! ನಾನ ಹೊಡದೀನಿ. ಬರಕೊಳ್ರಿ. ಅಕಿನ್ನ ಮುಟ್ಟಬ್ಯಾಡ್ರಿ!"

"ಯಾರನ್ನ?"

"ನನ್ನ ಭಾರತಿನ್ನ. ಅಕಿಗೆ ಆರು ವರ್ಷಿತ್ತು. ಜ್ವರದಾಗ ಹೋತು."

ಭಾರತಿಯ ಬಾಯಲ್ಲಿ ಇಟ್ಟಿದ್ದು ಯಂಕಮ್ಮನ ಅವ್ವನ ಕೊರಳ ಸರದ ರೂಪಾಯಿ. ಬುಲ್ಡೋಜರ್ ಹೋದ ಮೇಲೆ ಅವಳು ಬಾವಿಕಟ್ಟೆಯಿಂದ ಹೆಜ್ಜೆ ಅಳೆದು ಮಗಳ ಜಾಗ ಹುಡುಕಿದ್ದಳು. ಕಸಗುಡಿಸುವ ಕೆಲಸ ಬೇಡಿ ಪಡೆದು, ಗುರುತಿಗೊಂದು ಕಣಗಿಲ ನೆಟ್ಟಿದ್ದಳು.

"ಹಲ್ಲು ಎಸದಿದ್ದು ನೋಡಿದೆ. ಕಾಲಿಗೆ ಬಿದ್ದೆ, ಕೊಡಪ್ಪಾ ಅಂದೆ. ಇದರ ಮ್ಯಾಲೆ ನಿಜಾಮನ ಹೆಸರೈತಿ, ನಿಂದೈತೇನಬೇ ಅಂತ ನಕ್ಕ. ಅಳಬ್ಯಾಡ, ಸತ್ತಾಕಿಗೆ ಯಾವ ರೊಕ್ಕಾದ್ರೇನು ಅಂತಂದು ಐದ್ರುಪಾಯಿ ನನ್ನ ಮಾರಿಗೆ ಒಗದ. ಮತ್ತ ಬಗ್ಗಿ ತೋಡಾಕತ್ತಿದ. ಹಾರಿ ನನ್ನ ಕೈಯಾಗ ಇತ್ತು."

"ಬಾಯಾಗ ಯಾಕ ಇಟ್ಟಿ?"

"ಸತ್ತಿದ್ನಲ್ರಿ," ಅಂದಳು ಯಂಕಮ್ಮ, ಇದೂ ಒಂದು ಕೇಳುವ ಮಾತೇ ಎಂಬಂತೆ. "ಅವನ ರೊಕ್ಕ ಅವನ ಬಾಯಾಗ ಇಟ್ಟೆ. ನನ್ನ ಕೂಸಿಂದು ಕೂಸಿಗೆ ಕೊಟ್ಟೆ. ಹಲ್ಲು ಮೂರ ಸಿಕ್ಕವು."

ಲಾಲಪ್ಪ ಮುಂದೆ ಬಂದ. "ಸರ್, ಒಪ್ಪಿಕೊಂಡಾಳಲ್ರಿ. ತೋಡೋದು ಬ್ಯಾಡ್ರಿ."

"ನಮ್ಮ ಮುಂದ ಒಪ್ಪಿದ್ದು ಕೋರ್ಟಿನ್ಯಾಗ ನಡೆಯಂಗಿಲ್ಲ. ಮಾಲು ಬೇಕು. ತೋಡು."

"ನಾನರೀ?"

"ಮತ್ತ ತಹಶೀಲ್ದಾರ್ ಸಾಹೇಬ್ರು ತೋಡ್ತಾರೇನು?"

ಲಾಲಪ್ಪ ತೋಡಿದ. ಯಂಕಮ್ಮನನ್ನು ಇಬ್ಬರು ಹಿಡಿದಿದ್ದರು. ರೂಪಾಯಿ ಮೇಲೆ ಬಂತು. ಫೋಟೊ ತೆಗೆದರು, ಪಂಚರು ಸಹಿ ಹಾಕಿದರು. ಕೊಂಡಿಯಿರುವ ಬೆಳ್ಳಿ ನಾಣ್ಯ ಒಂದು, ಮುದ್ದೆಮಾಲು ಎಂದು ಜಪ್ತಿಯಾಗಿ ಕವರಿಗೆ ಹೋಯಿತು. ಎರಡು ಗಂಟೆಗೆ ಬಂಧನ.

"ಕೇಸ್ ಮುಗಿದ ಮ್ಯಾಲೆ ಅದನ್ನ ನನ್ನ ಕೂಸಿಗೆ ಕೊಡ್ತೀರೇನ್ರಿ?" ಕೇಳಿದಳು ಯಂಕಮ್ಮ.

"ಮಣ್ಣಾಗ ಸಿಕ್ಕ ಹಳೇ ನಾಣ್ಯ ಸರಕಾರಕ್ಕ ಹೋಗತೈತಿ," ಅಂದರು ತಹಶೀಲ್ದಾರರು, ಬೆವರು ಒರೆಸಿಕೊಳ್ಳುತ್ತ.

ಅವಳು ತೆರೆದ ಗುಂಡಿಯ ಕಡೆ ತಿರುಗಿದಳು. "ಹಂಗಾರ ಮುಚ್ಚೂಕಿಂತ ಮೊದಲ ಬ್ಯಾರೆ ಒಂದಾದ್ರೂ ಹಾಕ್ರಿ. ನನ್ನ ಸಂಚ್ಯಾಗ ಒಂದ್ರುಪಾಯಿ ಐತಿ."

"ಅದು ಸೀಲ್ ಆಗೈತಿ," ಅಂದ ಶಿವಕಾಂತ.

ಲಾಲಪ್ಪ ತನ್ನ ಜೇಬು ತಡಕಿದ. ಫೋನು ಇತ್ತು. ಪಂಚರ ಕಡೆ ನೋಡಿದ. ಅವರೂ ಜೇಬು ಮುಟ್ಟಿ ನೋಡಿಕೊಂಡು ಫೋನು ತೋರಿಸಿದರು. ಚಹಾಕ್ಕೂ ಬಸ್ಸಿಗೂ ಈಗ ಎಲ್ಲರೂ ಫೋನೇ ಹಿಡಿಯುವುದು. ತಹಶೀಲ್ದಾರರ ಹತ್ತಿರ ಐನೂರರ ನೋಟು ಇತ್ತು. ಅವರು ಅದನ್ನು ಹೊರಗೆ ತೆಗೆಯಲಿಲ್ಲ.

"ಮುಚ್ಚು," ಅಂದ ಬಸವಲಿಂಗ.

ಲಾಲಪ್ಪ ಖಾಲಿ ಬಾಯಿಯ ಮೇಲೆ ಮಣ್ಣು ಎಳೆದ. ಆಮೇಲೆ ಪಂಚರಲ್ಲೊಬ್ಬನ ಮಾತಿಗೆ ವಾಸಿಂ ಮಷೀನನ್ನು ಇನ್ನೊಮ್ಮೆ ಅಲ್ಲಿ ಹಿಡಿದು ನೋಡಿದ. ಸದ್ದು ಬರಲಿಲ್ಲ. ಪಂಚನಾಮೆಯಲ್ಲಿ ಅದನ್ನೂ ಬರೆದುಕೊಂಡರು.