ತೊಳೆದಿಟ್ಟ ಡಬ್ಬಿ

ಗುರುವಾರದ ಡಬ್ಬಿ ಮತ್ತೆ ಮಾಯವಾಗಿತ್ತು.

ಸೊಸೆ ಫ್ರಿಡ್ಜಿನ ಬಾಗಿಲು ಹಿಡಿದು ನಿಂತೇ ಇದ್ದಳು. ಮೊಟ್ಟೆ ಇದೆ, ಕ್ಯಾರೆಟ್ ಇದೆ, ಬೇಯಿಸಿಟ್ಟ ಕಾಳಿನ ದೊಡ್ಡ ನೀಲಿ ಡಬ್ಬಿ ಮಾತ್ರ ಇಲ್ಲ. ತಿರುಗಿ ನೋಡಿದರೆ ಅದು ಸಿಂಕಿನ ಪಕ್ಕದ ಬುಟ್ಟಿಯಲ್ಲಿ ಬೋರಲಾಗಿತ್ತು. ತೊಳೆದು ಲಕಲಕ ಅನ್ನುತ್ತಿತ್ತು. ಕದಿಯುವ ಕಳ್ಳರ ಕಥೆ ಬೇಕಾದಷ್ಟು ಕೇಳಿದ್ದಳು. ಕದ್ದು ತಿಂದು ಪಾತ್ರೆ ತೊಳೆದಿಡುವ ಈ ಕಳ್ಳ ಎಲ್ಲಿಂದ ವಕ್ಕರಿಸಿದ?

ಸೆಕೆ ಶುರುವಾದ ಮೇಲೆ ಒಂದು ಗುರುವಾರವೂ ತಪ್ಪಿಲ್ಲ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಉರಿಯದೆ ಇರುತ್ತದೆಯೇ? ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಿಗೆ ಮಾಡಿದ ಸಾಲ ಮನೆಯವರೆಲ್ಲರ ತಲೆಯ ಮೇಲೆ ಕೂತಿತು. ಅಂದಿನಿಂದ ಅವಳು ಬಾಯಿ ಕಟ್ಟಿ, ಹೊಟ್ಟೆ ಕಟ್ಟಿ ಸಂಸಾರ ನಡೆಸುತ್ತಿದ್ದಳು. ಭಾನುವಾರ ಒಂದೇ ಸಲ ಒಲೆ ಹಚ್ಚಿ ಗುರುವಾರದವರೆಗಿನ ಅಡುಗೆ ಮಾಡಿ ದಿನಕ್ಕೊಂದು ಡಬ್ಬಿಗೆ ತುಂಬುವುದು, ಗುರುವಾರ ಸಂಜೆ ಮತ್ತೆ ಉಳಿದ ದಿನಗಳಿಗೆ. ಲಾಂಡ್ರಿ ಅಂಗಡಿಯ ಕೌಂಟರಿಗೆ ಬಸ್ಸು ಬಿಟ್ಟು ನಡೆದೇ ಹೋಗುವುದು. ಮಲಗುವ ಮುಂಚೆ ಮನೆ ಸುತ್ತಿ, ಬೇಡದ ಸ್ವಿಚ್ಚನ್ನೆಲ್ಲ ಆರಿಸುವುದು. ಸೋಪು ಕತ್ತರಿಸಿ ಅರ್ಧ ಮಾಡಿದಾಗ ಗಂಡ ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ತಾನು ಯಾವುದರಲ್ಲಿ ಉಳಿಸುತ್ತೇನೆಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಇಷ್ಟು ಮಾಡಿಯೂ, ಗುರುವಾರದ ಡಬ್ಬಿ ಹೋದರೆ ಇಡೀ ಮನೆಗೆ ಹೊರಗಿನ ಊಟ. ವಾರವೆಲ್ಲ ಹಿಡಿದಿಟ್ಟದ್ದು ಒಂದೇ ದಿನಕ್ಕೆ ನೀರು. ಶನಿವಾರ ಕಂತು ಕಟ್ಟಬೇಕು, ಕೈಯಲ್ಲಿ ಅಷ್ಟು ಇಲ್ಲ. ಅದಕ್ಕೇ ನಿನ್ನೆ ಅವಳು ಫ್ರಿಡ್ಜಿಗೆ ಹಾಕಲು ಒಂದು ಬೀಗ ತಂದಿದ್ದಳು; ಹಾಕುವ ಮೊದಲೇ ಡಬ್ಬಿ ಹೋಗಿತ್ತು.

"ಮಾವ, ಬಂದು ನೋಡು," ಎಂದು ಕೂಗಿದಳು.

ಹಾಲಿನಲ್ಲಿ ಹಾಸಿಗೆ ಮಡಿಸುತ್ತಿದ್ದ ಸೋದರಮಾವ ಕನ್ನಡಕ ಹುಡುಕಿಕೊಂಡು ಬಂದ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವುದರಲ್ಲೇ ತಲೆ ನೆರೆಸಿಕೊಂಡು ನಿವೃತ್ತನಾದವನು. ಬಂಧುಬಳಗಕ್ಕೆಲ್ಲ ಅವನು ಸಿಐಡಿ ಮಾವ. ನಿನ್ನೆ ರಾತ್ರಿಯಷ್ಟೇ ಬಂದಿದ್ದ.

"ಎಂಥಾ ನಿದ್ದೆ ಕಣೇ ನಿಮ್ಮನೇಲಿ," ಎಂದ. "ಒಂದು ಚೂರು ಸದ್ದಿಲ್ಲ. ಫ್ಯಾನ್ ತಿರುಗೋದೊಂದೇ ಕೇಳ್ತಿತ್ತು."

"ನಿನಗೆ ನಿದ್ದೆ. ನನಗಿಲ್ಲಿ ತಲೆ ಸಿಡೀತಿದೆ."

ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಮಾವ ಡಬ್ಬಿಯನ್ನು ಎತ್ತಿ ಮೂಸಿ ನೋಡಿ ಕೆಳಗಿಟ್ಟ. ಆಮೇಲೆ ಫ್ರಿಡ್ಜಿನ ಬುಡದಲ್ಲಿ ಮಡಿಸಿ ತುರುಕಿದ್ದ ಹಳೇ ಟವೆಲ್ಲನ್ನು ಕಾಲಿನಿಂದ ಒತ್ತಿದ. ನೀರು ಒಸರಿತು.

"ಇದೇನು?"

"ಮೈದುನಂದು," ಎಂದಳು ಅವಳು. "ಬೆಳಿಗ್ಗೆ ಕಾಲು ತೊಳ್ಕೊಂಡು ಒರೆಸ್ದೆ ಬರ್ತಾನೆ. ದಿನಾ ಬೈಯೋದು, ದಿನಾ ಒರೆಸೋದು. ಅದು ಬಿಡು ಮಾವ, ಡಬ್ಬಿ ವಿಷಯ ಹೇಳು."

ಮಾವ ಬಿಡಲಿಲ್ಲ. ಮೊದಲು ಮೈದುನನನ್ನೇ ಕರೆದ. ಗೋದಾಮಿನಲ್ಲಿ ಮೂಟೆ ಹೊರುವ ಆಳು, ಸಂಜೆಗೆ ಫುಟ್‌ಬಾಲು, ಹಸಿವೆಂದರೆ ಹಸಿವು. ಎಲ್ಲರಿಗೂ ಮೊದಲ ಅನುಮಾನ ಅವನ ಮೇಲೆಯೇ.

"ನೀನು ತಿಂದ್ಯೇನಪ್ಪ?"

"ನಾನು ತಿಂದಿದ್ರೆ ಡಬ್ಬಿ ತೊಳೀತಿದ್ನಾ? ಅತ್ತಿಗೇನೇ ಕೇಳಿ, ಹುಟ್ಟಿದಾಗಿಂದ ಒಂದು ಲೋಟ ತೊಳೆದಿದೀನಾ ಅಂತ."

ಅದು ಮಾತ್ರ ಸತ್ಯವಾಗಿತ್ತು. ಮೈದುನನಿಗೆ ಅವನದೇ ದೂರು ಇತ್ತು. ಮೊಣಕಾಲು ಊದಿದೆ, ಬೆಳಿಗ್ಗೆ ಐಸ್ ಇಟ್ಟುಕೊಳ್ಳೋಣವೆಂದರೆ ಟ್ರೇಯಲ್ಲಿ ಬರೀ ನೀರು, ಸಂಜೆ ನೋಡಿದರೆ ಕಲ್ಲಿನಂತೆ ಗಟ್ಟಿ, ಈ ಮನೆಯಲ್ಲಿ ಐಸಿಗೂ ಬರ ಎಂದು ಗೊಣಗಿದ. ಅತ್ತಿಗೆ ಅವನನ್ನು ದುರುಗುಟ್ಟಿ ನೋಡಿದಳು. ಇಲ್ಲಿ ಊಟಕ್ಕೇ ಗತಿ ಇಲ್ಲ, ಇವನಿಗೆ ಐಸಂತೆ.

ಗಂಡ ಡೆಲಿವರಿ ವ್ಯಾನಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನಿಗೆ ಈ ವಿಚಾರಣೆಯೇ ಬೇಸರ. ಹೋದದ್ದು ಒಂದು ಡಬ್ಬಿ ಕಾಳು, ಬಿಟ್ಟುಬಿಡಿ ಎಂದ. ಬಿಟ್ಟುಬಿಡಿ! ಲೆಕ್ಕ ಹಾಕುವವಳು ಅವಳು, ಬಿಟ್ಟುಬಿಡುವವನು ಅವನು. ಅವಳಿಗೆ ರೇಗಿ ಹೋಯಿತು.

"ಇನ್ನುಳಿದಿರೋದು ಒಬ್ಬರೇ," ಎಂದಳು. "ನಾನು ಸ್ನಾನಕ್ಕೆ ಹೋದಾಗ ಅಡುಗೆಮನೇಲಿ ಇರೋದು ಅವರೊಬ್ಬರೇ. ಮಾಡಿದ್ದು ಸಾಲಲ್ಲ ಅಂದ್ರೆ ಬಾಯಿಬಿಟ್ಟು ಕೇಳ್ಬೇಕು. ಕದ್ದು ತಿಂದು, ಆಮೇಲೆ ಹೊಟ್ಟೆನೋವಿನ ಮಾತ್ರೆ ನುಂಗೋದು! ಆ ಮಾತ್ರೆ ಅವರ ದಿಂಬಿನ ಕೆಳಗೇ ಇದೆ ಮಾವ, ನಾನೇ ನೋಡಿದೀನಿ."

ಒಳಕೋಣೆಯಲ್ಲಿ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡರು. ಊರುಗೋಲು ಹಿಡಿದು ನಿಧಾನವಾಗಿ ಬಂದು ಬಾಗಿಲ ಹತ್ತಿರ ನಿಂತರು. ಮುಖ ಬಿಳುಚಿಕೊಂಡಿತ್ತು.

"ನಾನೇ ತಿಂದೆ ಅಂತಿಟ್ಕೋ," ಎಂದರು. "ಇವತ್ತೇ ಮಗಳ ಮನೆಗೆ ಹೋಗ್ತೀನಿ. ಒಂದು ತಟ್ಟೆ ಖರ್ಚು ಕಡಿಮೆಯಾಗತ್ತೆ."

ಗಂಡ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದ. ಅತ್ತೆ ಹಟ ಹಿಡಿದರೆ ಹಿಡಿದದ್ದೇ. ಇವತ್ತು ಹೊಸಿಲು ದಾಟಿದರೆ ತಿರುಗಿ ಬರುವವರಲ್ಲ, ಅದು ಸೊಸೆಗೂ ಗೊತ್ತಿತ್ತು. ಆದರೂ ಆಡಿದ ಮಾತನ್ನು ನುಂಗಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಬೀಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಳು.

"ಸ್ವಲ್ಪ ತಾಳಿ ಅಕ್ಕ," ಎಂದ ಮಾವ. "ಕಳ್ಳ ಡಬ್ಬಿ ತೊಳೆದಿದಾನೆ, ಕಸದ ಬುಟ್ಟಿ ತೊಳೆದಿಲ್ಲ."

ಬುಟ್ಟಿಯೊಳಗೆ ಕೈಹಾಕಿ, ತರಕಾರಿ ಸಿಪ್ಪೆ ಸರಿಸಿ, ಕಾಗದದ ಪೊಟ್ಟಣವೊಂದನ್ನು ಎತ್ತಿ ಬಿಚ್ಚಿದ. ಒಳಗೆ ಬೇಯಿಸಿದ ಕಾಳು. ಹುಳಿ ವಾಸನೆ ಮೂಗಿಗೆ ಬಡಿದು ಮೈದುನ ಹಿಂದೆ ಸರಿದ.

"ಹಳಸಿದೆ," ಎಂದ ಗಂಡ.

"ಹ್ಞೂಂ. ಫ್ರಿಡ್ಜಲ್ಲಿದ್ದ ಕಾಳು ಹಳಸಿದ್ದು ಹೇಗೆ?" ಮಾವ ಸೊಸೆಯ ಕಡೆ ತಿರುಗಿದ. "ಹಳೇ ಫ್ರಿಡ್ಜು. ನಾನು ಬಂದಾಗ ಗೊರಗೊರ ಅಂತ ಇಡೀ ಮನೆಗೆ ಕೇಳೋ ಹಾಗೆ ಸದ್ದು ಮಾಡ್ತಿತ್ತು. ರಾತ್ರಿ ಆ ಸದ್ದೇ ಇಲ್ಲ. ಕರೆಂಟ್ ಹೋಗಿದ್ರೆ ಫ್ಯಾನ್ ನಿಲ್ಲಬೇಕಿತ್ತು—ಅದು ನನ್ನ ನೆತ್ತಿ ಮೇಲೆ ತಿರುಗ್ತಾನೇ ಇತ್ತು. ಬೆಳಿಗ್ಗೆ ನೀನು ಎದ್ದ ಕೂಡ್ಲೇ ಗಡಗಡ ಅಂತ ಮತ್ತೆ ಶುರುವಾಯ್ತು. ಬುಡದಲ್ಲಿರೋದು ನಿನ್ನ ಮೈದುನನ ಕಾಲಿನ ನೀರಲ್ಲ ಕಣೇ, ಕರಗಿದ ಐಸು. ಅವನು ಐಸ್ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರೂ ನೀನು ಕಿವಿಗೆ ಹಾಕ್ಕೊಳ್ಳಲಿಲ್ಲ. ಮಲಗೋ ಮುಂಚೆ ಯಾವ ಯಾವ ಸ್ವಿಚ್ ಆರಿಸ್ತೀಯ?"

ಅವಳ ಕಣ್ಣು ಫ್ರಿಡ್ಜಿನ ಸ್ವಿಚ್ಚಿನ ಕಡೆ ಹೋಯಿತು.

"ರಾತ್ರಿ ಯಾರೂ ಬಾಗಿಲು ತೆಗಿಯಲ್ಲ ಅಂತ…" ಎಂದಳು. "ತಂಪು ಒಳಗೇ ಇರತ್ತೆ ಅಂದ್ಕೊಂಡೆ. ಕರೆಂಟ್ ಬಿಲ್ ಇಳೀತು ಮಾವ, ಎಷ್ಟು ಖುಷಿಯಾಗಿದ್ದೆ."

"ಚಳೀಲಿ ನಡೀತು. ಈ ಸೆಕೇಲಿ ನಡೆಯತ್ತಾ? ಬುಧವಾರದವರೆಗೆ ಹೇಗೋ ತಡ್ಕೊಂಡಿದ್ದು ಗುರುವಾರಕ್ಕೆ ಕೆಟ್ಟಿದೆ. ಕಳ್ಳಿ ನೀನೇ ಕಣಮ್ಮ. ಬಿಲ್ಲಲ್ಲಿ ಉಳಿಸಿದ್ದನ್ನ ನಿನ್ನ ಕಾಳಿಂದಲೇ ಕದ್ದೆ."

ಮಾವ ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದ. "ಪೊಟ್ಟಣದಲ್ಲಿರೋದು ಅರ್ಧ ಡಬ್ಬಿ. ಇನ್ನರ್ಧ ಎಲ್ಲಿ ಅಕ್ಕ? ಆ ಮಾತ್ರೆ ಅದಕ್ಕೇನಾ?"

ಅತ್ತೆ ಊರುಗೋಲನ್ನೇ ನೋಡುತ್ತ ಹೇಳಿದರು. "ಮೂಸಿದ್ರೆ ಹುಳಿ. ದುಡಿಯೋರು ತಿಂದು ಮಲಗಿಬಿಟ್ರೆ ಗತಿಯೇನು? ಚೆಲ್ಲೋಣ ಅಂದ್ರೆ ಕೈ ಬರ್ಲಿಲ್ಲ. ತೊಳೆದು ಬಿಸಿ ಮಾಡ್ಕೊಂಡು ಆದಷ್ಟು ತಿಂದೆ. ಆಗದ್ದನ್ನ ಚೆಲ್ಲಿದೆ."

"ನನಗೆ ಹೇಳ್ಬಾರದಿತ್ತಾ ಅತ್ತೆ?" ಎಂದಳು ಸೊಸೆ.

"ಹೇಳಿದ್ರೆ ಫ್ರಿಡ್ಜ್ ಕೆಟ್ಟಿದೆ ಅಂತ ಹೊಸದು ತರ್ತಿದ್ರಿ. ಮತ್ತೆ ಸಾಲ. ನನ್ನ ಸೊಂಟಕ್ಕೆ ಮಾಡಿದ್ದೇ ತೀರಿಲ್ಲ." ಅಷ್ಟು ಹೇಳಿದವರಿಗೆ ಏನೋ ಹೊಳೆದು ತಲೆ ಎತ್ತಿದರು. ಕಳ್ಳತನದ ಮಾತು, ಮಗಳ ಮನೆ, ಎಲ್ಲ ಮರೆತೇ ಹೋದ ಹಾಗಿತ್ತು. ಮಾವನನ್ನು ಆಸೆಯಿಂದ ಕೇಳಿದರು. "ಹಾಗಾದ್ರೆ ಫ್ರಿಡ್ಜ್ ಚೆನ್ನಾಗೇ ಇದೆ ಅಂತೀರಾ?"

"ಗಟ್ಟಿಮುಟ್ಟಾಗಿದೆ ಅಕ್ಕ."

ಅತ್ತೆಯ ಮುಖದಲ್ಲಿ ಅಷ್ಟು ನಿರಾಳವನ್ನು ಸೊಸೆ ಆಪರೇಷನ್ ಆದಾಗಿನಿಂದ ಕಂಡಿರಲಿಲ್ಲ. ಬೀಗವನ್ನು ಮೈದುನನ ಕೈಗೆ ತುರುಕಿ, ಅಂಗಡಿಗೆ ವಾಪಸ್ ಕೊಟ್ಟು ಆ ದುಡ್ಡಿಗೆ ಕಾಳು ತಾ ಎಂದಳು. ಮಗಳ ಮನೆ ಎಂದು ಇನ್ನೊಂದು ಸಲ ಅಂದರೆ ನಾನೂ ನಿಮ್ಮ ಹಿಂದೆಯೇ ಬರುತ್ತೇನೆ ಎಂದು ಅತ್ತೆಗೆ ಗದರಿದಳು, ಗದರುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಗುರುವಾರ ಬೆಳಿಗ್ಗೆ ತಾನೆಂದೂ ಹಚ್ಚದ ಒಲೆಯನ್ನು ಹಚ್ಚಿ, ಅತ್ತೆಗೊಬ್ಬರಿಗೆ ಮೆತ್ತನೆಯ ಅನ್ನಕ್ಕಿಟ್ಟಳು.