ಉಸ್ತಾದ್ ಹಾಕಿದ ಬುಷ್

"ಈ ಹಿಡಿ ಒಂದು ಸುತ್ತು ತಿರುಗಿಸಿದ್ರೆ ಸಾಕು... ನೀನು ಚಪ್ಪಟೆ."

ನಾನು ಹಳೆಯ ಸ್ಪೋರ್ಟ್ಸ್ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಹಿಂಭಾಗ ಜ್ಯಾಕಿನ ಮೇಲೆ. ಜ್ಯಾಕಿನ ಹಿಡಿ ಗ್ಯಾರೇಜಿನ ಒಡೆಯನ ಕೈಯಲ್ಲಿ. ಜನ ಅವನನ್ನು ಉಸ್ತಾದ್ ಎನ್ನುತ್ತಾರೆ. ಜನಕ್ಕೇನು, ಬಾಯಿಗೆ ಬಂದದ್ದು ಹೇಳುತ್ತಾರೆ.

ಅಪಘಾತದ ಕಾರುಗಳನ್ನು ಪರೀಕ್ಷಿಸುವುದು ನನ್ನ ಕಸುಬು. ಈ ಸಲ ಮಾತ್ರ ಮನೆಯ ಸಂಕಟ. ಈ ಕಾರು ಓಡಿಸುತ್ತಿದ್ದವನು ನನ್ನ ಭಾವ. ತಿರುವಿನಲ್ಲಿ ಹಿಂಬದಿ ಜಾರಿ, ಕಾರು ಗೋಡೆಗೆ ಗುದ್ದಿತು. ಪಕ್ಕದಲ್ಲಿ ಕೂತಿದ್ದ ಕಾರಿನ ಯಜಮಾನ ಆಸ್ಪತ್ರೆಯಲ್ಲಿ, ಭಾವ ಲಾಕಪ್ಪಿನಲ್ಲಿ. ಅಕ್ಕ ಎರಡು ದಿನದಿಂದ ಊಟ ಮುಟ್ಟಿಲ್ಲ.

"ಹಿಂದಿನ ಚಕ್ರದ ರಬ್ಬರ್ ಬುಷ್ ಎಲ್ಲಾ ಹೊಸದು. ಸವೆದಿದ್ದನ್ನ ತೆಗೆದು ನಾನೇ ಹಾಕಿದ್ದು, ಇಪ್ಪತ್ತು ದಿನ ಆಯ್ತು."

"ಹೊಸದು ಸರಿ. ಹರಿದಿದೆಯಲ್ಲ?" ಚಕ್ರ ಹಿಡಿದಿರುವ ತೋಳನ್ನು ಕಾರಿಗೆ ಸೇರಿಸುವ ಬೋಲ್ಟಿನ ಸುತ್ತ ಕೂರುವ ರಬ್ಬರ್ ಉಂಗುರವೇ ಬುಷ್; ಅದು ಹರಿದರೆ ಚಕ್ರ ಹಿಡಿತ ತಪ್ಪುತ್ತದೆ.

"ನಿನ್ನ ಭಾವ ಓಡಿಸಿದ ರೀತಿಗೆ ಹರೀತು."

"ಬೋಲ್ಟ್ ಬಿಗಿ ಮಾಡುವಾಗ ಕಾರು ಎಲ್ಲಿತ್ತು, ಉಸ್ತಾದ್?"

"ಮೇಲೆ. ಚಕ್ರ ನೇತಾಡ್ತಾ ಇತ್ತು. ಮತ್ತಿನ್ನೇನು, ನಾನು ನೆಲದ ಮೇಲೆ ಬಿದ್ದು ಹೊರಳಾಡ್ಬೇಕಿತ್ತಾ?"

ನಗು ಬಂತು. ಜ್ಯಾಕ್ ಹಿಡಿದವನೆದುರು ನಗುವುದು ಜಾಣತನವಲ್ಲ, ಗೊತ್ತು. ಏನು ಮಾಡಲಿ, ಬಂತು.

"ಬುಷ್ ಸರಿಯಿತ್ತು ಅಂತ ಬರೆದ್ಕೊಡು. ಬಾಯಿ ಮುಚ್ಕೊಂಡು ಹೋಗು."

"ಬರೆಯಲ್ಲ."

ಹಿಡಿ ತಿರುಗಿಸಿಯೇಬಿಟ್ಟ!

ಕಾರು ನಾಲ್ಕು ಬೆರಳು ಇಳಿದು... ದಡ್ ಎಂದು ನಿಂತಿತು.

ಚಕ್ರಗಳ ಕೆಳಗೆ ದಪ್ಪ ಮರದ ದಿಮ್ಮಿಗಳಿದ್ದವು. ನಾನೇ ಇಟ್ಟಿದ್ದೆ, ಅವನ ಕಣ್ಣೆದುರಿಗೇ. ಯಾಕೆಂದು ಮಹಾಶಯನಿಗೆ ಹೊಳೆಯಲೇ ಇಲ್ಲ. ಬುಷ್ ಹಾಕಲು ಬರುವ ಯಾವನಿಗಾದರೂ ಹೊಳೆಯುತ್ತಿತ್ತು. ಕಾರಿನ ಭಾರ ಚಕ್ರದ ಮೇಲೆ ಕೂತ ನಂತರವೇ ಬೋಲ್ಟ್ ಬಿಗಿಯಬೇಕು; ಆಗಲೂ ಕೆಳಗೆ ಮಲಗಿ ಕೈಯಾಡಿಸಲು ಜಾಗ ಸಿಗಲೆಂದೇ ಈ ದಿಮ್ಮಿ. ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹರಿಯದೆ ಇನ್ನೇನಾಗುತ್ತದೆ, ನೀವೇ ಹೇಳಿ.

ಸದ್ದಿಗೆ ಇನ್‌ಸ್ಪೆಕ್ಟರ್ ಓಡಿ ಬಂದರು. ನಾನು ಬರಹೇಳಿದ್ದೆ; ಹೊರಗೆ ಜೀಪು ನಿಲ್ಲಿಸುತ್ತಿದ್ದರು. ಉಸ್ತಾದನ ಕೈಯಲ್ಲೇ ಕಾರನ್ನು ಮತ್ತೆ ಎತ್ತಿಸಿ, ಇಳಿಸಿ, ಟಾರ್ಚ್ ಬಿಟ್ಟು ನೋಡಿದರು. ಮೇಲಿದ್ದಾಗ ಬಲಗಡೆಯ ರಬ್ಬರ್ ನೆಟ್ಟಗಿತ್ತು. ಇಳಿದಾಗ ಹಿಂಡಿದ ಒದ್ದೆ ಬಟ್ಟೆ. ಎಡಗಡೆಯದು ಪೂರಾ ಹರಿದು ಬಾಯಿ ಬಿಟ್ಟಿತ್ತು.

"ನಿಮ್ಮ ಭಾವ ಮಧ್ಯಾಹ್ನ ಮನೇಲಿರ್ತಾರೆ," ಎಂದರು ಇನ್‌ಸ್ಪೆಕ್ಟರ್. "ಉಸ್ತಾದ್, ಜೀಪ್ ಹತ್ತು."

ಉಸ್ತಾದ್ ಜೇಬಿನಿಂದ ತನ್ನ ಕಾರಿನ ಕೀಲಿ ತೆಗೆದ. "ನನ್ನ ಕಾರಲ್ಲೇ ಬರ್ತೀನಿ ಸರ್. ನಾಲ್ಕು ಜನ ನೋಡ್ತಾರೆ..."

"ಜೀಪಲ್ಲೇ ಹೋಗು," ಎಂದೆ. "ನಿನ್ನ ಕಾರಿಗೂ ಬುಷ್ ಹಾಕಿದ್ದು ನೀನೇ ಅಲ್ವಾ?"