ಮುಂದೆ ಸರಿಯದ ಪರದೆ

"ಹಾರ್ರಿ...! ಹಾರ್ರೀ ಅಂದ್ರ!"

ಸುಮಿತಾ ಹಾರಲಿಲ್ಲ. ಪರದೆಯ ಮೇಲಿದ್ದ ಅವಳ ನೀಲಿ ಸೈನಿಕ ಅನ್ಯಗ್ರಹದ ಹುಳುವಿನ ಬಾಯಿಗೆ ಬಿದ್ದು ಮಾಯವಾದ.

1999ರ ಬೇಸಿಗೆ. ಬಿ.ಎ. ಮುಗಿಸಿದ್ದ ಅವಳು ದಾಂಡೇಲಿಯ ಅಂಬೇವಾಡಿಯಲ್ಲಿ ಗೋದುಬಾಯಿಯ ಹೊಲಿಗೆ ಕ್ಲಾಸಿಗೆ ಬರುತ್ತಿದ್ದಳು. ಪಕ್ಕದ ಟಿವಿ ರಿಪೇರಿ ಅಂಗಡಿಯಿಂದ ದಿನವೂ ಕೇಳುವ ಆ 'ಟ್ಯೂಂ ಟ್ಯೂಂ' ಏನಿರಬಹುದು? ಕುತೂಹಲ ತಡೆಯದೆ ಇಣುಕಿದ್ದಳು, ಅಷ್ಟೇ! ಅಂಗಡಿಯ ಮಾಲತೇಶ ವಿಡಿಯೋ ಗೇಮಿನ ರಿಮೋಟನ್ನು ಕೈಗೇ ಕೊಟ್ಟುಬಿಟ್ಟಿದ್ದ.

"ನಿಮ್ಮ ಜೀವ ಮುಗದ್ವು. ಈ ಗುಂಡಿ ಒತ್ರಿ, ನಂದೊಂದು ನಿಮಗ ಬರ್ತೈತಿ."

"ನಿಮ್ಮ... ಜೀವಾನಾ?"

"ಹೂಂರಿ. ಇಬ್ಬರು ಆಡಿದ್ರ ಹಂಗ. ಒಬ್ಬರು ಹಿಂದ ಉಳದ್ರ ಪರದೆನೂ ಸರಿಯೂದಿಲ್ಲ. ಮುಂದಿದ್ದವರು ಕಾಯಬೇಕು."

ಅಂದು ಡೈರಿಯಲ್ಲಿ ಬರೆದಳು: 'ಆಟದ ಕೊನೆಗೆ ಗುಹೆ ಬರುತ್ತದಂತೆ, ಅದರೊಳಗೆ ಏನಿದೆ? ಅವನು ನಕ್ಕಾಗ ಒಂದೇ ಕೆನ್ನೆಯಲ್ಲಿ ಯಾಕೆ ಗುಳಿ ಬೀಳುತ್ತದೆ?'

ಕ್ಲಾಸು ಬಿಟ್ಟ ಮೇಲೆ ದಿನವೂ ಅರ್ಧ ಗಂಟೆ ಆಟ. ಮೂರು ವಾರದಲ್ಲಿ ಜಲಪಾತ ಮುಟ್ಟಿದರು. ಅದರಾಚೆಗೆ ಆ ಕೊನೆಯ ಗುಹೆ.

"ಇವತ್ತ ಮುಗಸೂಣು!" ಎಂದ ಮಾಲತೇಶ.

ಮುಗಿದರೆ...? ಆಮೇಲೆ ಇಲ್ಲಿಗೆ ಬರಲು ಏನು ನೆಪ?

ಅವಳ ಹೆಬ್ಬೆರಳು ನಿಂತೇಹೋಯಿತು. ಗುಂಡು ತಾಗದ ಬಂಡೆಯೊಂದರ ಮೇಲೆ ನೀಲಿ ಸೈನಿಕನೂ ನಿಂತ.

"ಬರ್ರಿ ಮುಂದ!"

"ಹೆದರಿಕಿ ಆಗ್ತೈತ್ರಿ..."

ಮರುದಿನವೂ ಹಾಗೇ. ಮೂರನೆಯ ದಿನ ಅವನು ರಿಮೋಟ್ ಕೆಳಗಿಟ್ಟ. ದನಿ ಸಣ್ಣದಾಗಿತ್ತು.

"ಮನಸಿಲ್ಲಂದ್ರ ಬಿಡ್ರಿ. ನನ್ನ ಸಲುವಾಗಿ ಬರೂದು ಬ್ಯಾಡ."

ನಿಮ್ಮ ಸಲುವಾಗಿಯೇ ಬರ್ತೇನಿ! ಎಂದು ಹೇಳದೆ ರಿಮೋಟನ್ನು ಸ್ಟೂಲಿನ ಮೇಲಿಟ್ಟಳು. ಎದ್ದು ಬಂದಳು. ಹನ್ನೆರಡು ದಿನ ಆ ಬಾಗಿಲಿನತ್ತ ನೋಡಲಿಲ್ಲ. ಡೈರಿಯಲ್ಲಿ ಒಂದೇ ಮಾತು: 'ಹೇಳಬೇಕಿತ್ತು.'

ಹದಿಮೂರನೆಯ ದಿನ ಗೋದುಬಾಯಿ ದಾರ ಕಚ್ಚಿ ತುಂಡು ಮಾಡುತ್ತಾ ನಕ್ಕಳು.

"ಏ ಸುಮಿ, ಊರಮಂದಿ ಟಿವಿ ರಿಪೇರಿ ಮಾಡಾಂವ, ತನ್ನ ಟಿವಿನ ಕೆಟ್ಟೈತಿ ನೋಡವಾ! ಎರಡೂ ಕೈಯಾಗ ಒಂದೊಂದು ರಿಮೋಟ್ ಹಿಡಕೊಂಡು ಮಧ್ಯಾಹ್ನೆಲ್ಲಾ ಒದ್ದಾಡತಾನ. ನಮ್ಮ ಕ್ಲಾಸ್ ಬಿಡೂ ಹೊತ್ತಿಗೆ ದಿನಾ ಅದ ಚಿತ್ರ! ನೀರು ಬೀಳೂದು, ಕೆಂಪು ಗೊಂಬಿ ಮುಂದ, ನೀಲಿ ಗೊಂಬಿ ಹಿಂದ. ಚಿತ್ರ ಮುಂದ ಹೋಗೂದ ಇಲ್ಲ!"

ಸುಮಿತಾಳ ಕತ್ತರಿ ಅರ್ಧಕ್ಕೇ ನಿಂತಿತು.

ಟಿವಿ ಕೆಟ್ಟಿಲ್ಲ...!

ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು ಓಡಿದಳು. ಮಾಲತೇಶ ಪರದೆಯ ಮುಂದೆ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ಅವಳ ರಿಮೋಟ್ ಇತ್ತು.

"ಯಾಕ ಮುಂದ ಹೋಗಿಲ್ರಿ?" ಏದುಸಿರಲ್ಲಿ ಕೇಳಿದಳು.

"ನೀಲಿಯವರು ಹಿಂದ ಅದಾರಲ್ರಿ... ಕಾಯಾಕತ್ತೇನಿ."

ಕಣ್ಣು ತುಂಬಿತು. ಜೀವನದಲ್ಲಿ ಮೊದಲ ಸಲ ಡೈರಿಗೂ ಮೊದಲು ಬಾಯಿ ಮಾತಾಡಿತು. "ಆಟ ಮುಗದ್ರ ನಾ ಇಲ್ಲಿಗೆ ಬರೂದು ಹೆಂಗಂತ ನಿಂತಿದ್ನಿ! ಮನಸಿಲ್ಲಂತಲ್ಲ..."

ಅದೇ ಕೆನ್ನೆಯಲ್ಲಿ ಗುಳಿ ಬಿತ್ತು.

"ಆಟ ಇಲ್ದಿದ್ರೂ ಬರ್ತೀರೇನು?"

"ಕರದ್ರ... ಬರ್ತೇನಿ."

ರಿಮೋಟ್ ಎತ್ತಿಕೊಂಡಳು. ಹೆಬ್ಬೆರಳು ಬಲಕ್ಕೆ ಒತ್ತಿತು. ಪರದೆ ಸರಿಯಿತು. ಗುಹೆಯೊಳಗೆ ಗೋಡೆಯಷ್ಟು ದೊಡ್ಡ ಕಣ್ಣೊಂದು ರೆಪ್ಪೆ ಬಡಿಯುತ್ತಿತ್ತು! ಅದರ ಮೊದಲ ಕಿರಣಕ್ಕೇ ಮಾಲತೇಶನ ಕೆಂಪು ಸೈನಿಕ ಬಿದ್ದ.

"ನನ್ನ ಜೀವ ಮುಗದ್ವು, ಸುಮಿತಾ."

"ಗುಂಡಿ ಒತ್ರಿ."

"ನಿಮಗ ಉಳದಿರೂದ ಒಂದ!"

"ಗೊತ್ತೈತಿ," ಎಂದಳು ಪರದೆಯಿಂದ ಕಣ್ಣು ಕೀಳದೆ. "ತಗೋರಿ."